ದೊಡ್ಡ ಕಾದಂಬರಿ: ಬರೆಯುವ ಮೊದಲೇ ತಿದ್ದುವ ಲೆಕ್ಕ

ಉತ್ತರ ಕನ್ನಡದಲ್ಲಿ ಕಾದಂಬರಿ ಬರೆಯಲು ಕೂತವರಿಗೆ ಮೂರು ತಲೆಮಾರಿನ ಕಥೆ ಹೇಳಬೇಕೆಂಬ ಆಸೆ ಬರುವುದು ಸಹಜ. 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಬಂದ ಕರನಿರಾಕರಣೆ, 1956ರಲ್ಲಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದು, ಸೂಪಾ ಅಣೆಕಟ್ಟು, ಕಾಡು ಉಳಿಸಲು ನಡೆದ 1983ರ ಅಪ್ಪಿಕೋ ಚಳವಳಿ, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ. ಯಾವುದನ್ನು ಬಿಡುವುದು? ಆಸೆ ಸಣ್ಣದು ಮಾಡಿಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ತಿದ್ದುವುದಕ್ಕೆ ಬೇಕಾದ ತಿಂಗಳುಗಳನ್ನು ಮೊದಲೇ ಎತ್ತಿಟ್ಟು, ಉಳಿದದ್ದರಲ್ಲಿ ಎಷ್ಟು ಬರೆಯಲಾದೀತು ಎಂದು ನೋಡುವುದು ನನ್ನ ಪದ್ಧತಿ.

ಮೊದಲು ಅಳತೆ. ಡೆಮಿ ಅಳತೆಯ ಪುಸ್ತಕದ ಒಂದು ಪುಟಕ್ಕೆ ಸುಮಾರು 250 ಪದ ಹಿಡಿಯುತ್ತದೆ. 400 ಪುಟವೆಂದರೆ ಒಂದು ಲಕ್ಷ ಪದ. ಒಂದು ದೃಶ್ಯಕ್ಕೆ ಸರಾಸರಿ 1500 ಪದ ಹಿಡಿದರೆ 65ರಿಂದ 70 ದೃಶ್ಯ. ಮೇಲಿನ ಘಟನೆಗಳನ್ನೆಲ್ಲ ಇಟ್ಟುಕೊಂಡು ದೃಶ್ಯಗಳ ಪಟ್ಟಿ ಮಾಡಿದರೆ ಅದು ಸುಲಭವಾಗಿ 150 ದಾಟುತ್ತದೆ, ಅಂದರೆ 900 ಪುಟ. ಬರೆಯಲು ಶುರುಮಾಡುವ ಮೊದಲೇ ಈ ಲೆಕ್ಕ ಕಣ್ಣಿಗೆ ಬಿದ್ದರೆ ಪಟ್ಟಿಯಲ್ಲೇ ಕತ್ತರಿಸಬಹುದು. ಬರೆದಾದ ಮೇಲೆ ಕತ್ತರಿಸಲು ಕೈ ಬರುವುದಿಲ್ಲ. ಚರಿತ್ರೆಯ ಘಟನೆ ಪಾತ್ರದ ಬದುಕನ್ನು ತಿರುಗಿಸುತ್ತದೆಯೋ, ಬರೀ ಹಿನ್ನೆಲೆಯಲ್ಲಿ ಹಾದುಹೋಗುತ್ತದೆಯೋ ಎಂಬುದೊಂದೇ ನನ್ನ ಪರೀಕ್ಷೆ. ಹಾದುಹೋಗುವುದಾದರೆ ಅದಕ್ಕೆ ದೃಶ್ಯ ಬೇಡ, ಯಾರದೋ ಮಾತಿನಲ್ಲಿ ಒಂದು ಸಾಲು ಸಾಕು.

ಇಂಥ ಕೆಲಸಕ್ಕೆ 24 ತಿಂಗಳು ಇಟ್ಟುಕೊಂಡರೆ ನಾನು ಹಂಚುವುದು ಹೀಗೆ: ಯೋಜನೆಗೆ 3, ಮೊದಲ ಕರಡಿಗೆ 10, ಕರಡನ್ನು ಮುಟ್ಟದೆ ಇಡಲು 2, ತಿದ್ದಲು 9. ದಿನಕ್ಕೆ 500 ಪದದಂತೆ ವಾರಕ್ಕೆ ಐದು ದಿನ ಬರೆದರೆ 40 ವಾರಕ್ಕೆ ಲಕ್ಷ ಪದ ಮುಟ್ಟುತ್ತದೆ. ಆದರೆ ಶಿರಸಿ, ಸಿದ್ದಾಪುರದ ಕಡೆ ಅಡಿಕೆ ಕೊನೆಕೊಯ್ಲು ಶುರುವಾದರೆ ಸಂಜೆ ಸುಲಿಯಲು ಕೂರಲೇಬೇಕು. ಆ ವಾರಗಳಿಗೆ ಅರ್ಧ ಗುರಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇಲ್ಲದಿದ್ದರೆ ಬಾಕಿ ಏರುತ್ತ ಹೋಗಿ, ಅದನ್ನು ತುಂಬುವ ಅವಸರದಲ್ಲಿ ಬರೆದ ಅಧ್ಯಾಯಗಳು ತಿದ್ದುವಾಗ ಪೂರ್ತಿ ಬಿದ್ದುಹೋಗುತ್ತವೆ. ಕಾಗದದ ಮೇಲೆ ತಿದ್ದುವ ಕೆಲಸವನ್ನು ಮಳೆಗಾಲಕ್ಕೆ ಬರುವಂತೆ ಹೊಂದಿಸಿದರೆ ಕರೆಂಟ್ ಇಲ್ಲದ ದಿನಗಳೂ ಹಾಳಾಗುವುದಿಲ್ಲ. ಆದರೆ ಥಂಡಿ ಹವೆಯಲ್ಲಿ ಕಾಗದಕ್ಕೆ ಬೂಷ್ಟು ಬರುತ್ತದೆ, ಶಾಯಿ ಹರಡುತ್ತದೆ. ಮುಚ್ಚಳವಿರುವ ಡಬ್ಬಿ ಮತ್ತು ಪೆನ್ಸಿಲ್ ಬೇಕು.

ಯೋಜನೆಯ ತಿಂಗಳುಗಳಲ್ಲಿ ದೃಶ್ಯಕ್ಕೊಂದು ಚೀಟಿ ಬರೆಯುತ್ತೇನೆ. ಅದರಲ್ಲಿ ನಾಲ್ಕೇ ಸಾಲು. ಮಾದರಿಗೆ: ‘1932, ಅಂಕೋಲೆ ತಾಲೂಕು, ಆರಿದ್ರಾ ಮಳೆ. ಮನೆಯಲ್ಲಿ ತಾಯಿ, ಕಿರಿಮಗ, ಅಪ್ಪ ಜೈಲಿನಲ್ಲಿ. ತೀರ್ವೆ (ಭೂಕಂದಾಯ) ಬಾಕಿಗೆ ಪಾತ್ರೆ, ದನ ಜಪ್ತಿ. ಕೊನೆಗೆ: ಅಪ್ಪನ ಹಟದ ಬೆಲೆ ತೆರುವವಳು ತಾನು ಎಂದು ತಾಯಿಗೆ ಗೊತ್ತಾಗುತ್ತದೆ.’ ನಾಲ್ಕನೆಯ ಸಾಲು ಬರೆಯಲಾಗದ ಚೀಟಿ ಇನ್ನೂ ದೃಶ್ಯವಾಗಿಲ್ಲ, ಬರೀ ಮಾಹಿತಿ. ಅದು ಪಕ್ಕಕ್ಕೆ.

ಇದರ ಜೊತೆ ಕಾಲದ ಪಟ್ಟಿಯೊಂದು ಬೇಕು. ನಮ್ಮ ಜಿಲ್ಲೆಯ ಕಾದಂಬರಿ ಎಡವುವುದು ಹೆಚ್ಚಾಗಿ ಇಲ್ಲೇ. ಮೇಲಿನ ದೃಶ್ಯದಲ್ಲಿ ತಾಲೂಕಿನ ಅಧಿಕಾರಿ ತಹಶೀಲ್ದಾರನಲ್ಲ, ಮಾಮಲೇದಾರ, ಏಕೆಂದರೆ ಅದು ಮುಂಬಯಿ ಆಡಳಿತ. ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿ. ರೂಪಾಯಿಗೆ ನೂರು ಪೈಸೆ ಬಂದದ್ದು 1957ರ ಏಪ್ರಿಲ್‌ನಲ್ಲಿ. 1990ರಲ್ಲಿ ಮುಂಬಯಿಯಿಂದ ಬರುವ ಮಗ ಕಾರವಾರದಲ್ಲಿ ರೈಲು ಇಳಿಯುವಂತಿಲ್ಲ, ಕೊಂಕಣ ರೈಲು ಪೂರ್ತಿ ಓಡಿದ್ದು 1998ರಲ್ಲಿ. ಅವನು ಹುಬ್ಬಳ್ಳಿಯಲ್ಲಿ ಇಳಿದು ಅರಬೈಲ್ ಘಟ್ಟದ ಬಸ್ಸು ಹಿಡಿಯಲಿ. ಈಗಿನ ಕಥೆಯಾದರೆ ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ, 61 ದಿನ ನಿಷೇಧವಿದೆ. 2024ರ ಆಗಸ್ಟ್‌ನಲ್ಲಿ ಕುಸಿದ ಕಾಳಿ ನದಿಯ ಹಳೇ ಸೇತುವೆಯ ಮೇಲೆ 2025ರ ಪಾತ್ರ ನಡೆಯಬಾರದು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮದುವೆಯಾದ ವರ್ಷವೂ ಮರುವರ್ಷವೂ ಜಾತ್ರೆ ಬಂದರೆ ಇಲ್ಲಿಯ ಓದುಗರು ಅಲ್ಲೇ ಪುಸ್ತಕ ಮಡಚುತ್ತಾರೆ. ಇದೇ ಪಟ್ಟಿಯಲ್ಲಿ ಪ್ರತಿ ಪಾತ್ರ ಹುಟ್ಟಿದ ವರ್ಷ ಬರೆದು, ಪ್ರತಿ ದೃಶ್ಯದ ಎದುರು ವಯಸ್ಸು ಹಾಕಬೇಕು. ಅರವತ್ತೆರಡರ ಅಜ್ಜ ಹತ್ತು ವರ್ಷ ಕಳೆದರೂ ಅರವತ್ತೈದರಲ್ಲೇ ಇರುವುದು ಆಗ ಸಿಕ್ಕಿಬೀಳುತ್ತದೆ.

ಕರಡು ಬರೆಯುವಾಗ ಒಂದೇ ಕಟ್ಟುಪಾಡು: ಹಿಂದಿನ ಅಧ್ಯಾಯ ತೆರೆಯುವುದಿಲ್ಲ. ಮೊದಲ ಅಧ್ಯಾಯವನ್ನೇ ಮತ್ತೆ ಮತ್ತೆ ನಯ ಮಾಡುತ್ತ ಕೂತರೆ ಅದಕ್ಕೆ ಸಿಕ್ಕ ಆರೈಕೆ ನಲವತ್ತನೆಯ ದೃಶ್ಯಕ್ಕೆ ಸಿಗುವುದಿಲ್ಲ, ಓದುಗರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಬದಲಾವಣೆ ಹೊಳೆದರೆ ತಿದ್ದುಪಡಿಗೆಂದೇ ಇಟ್ಟ ಬೇರೆ ಪುಸ್ತಕದಲ್ಲಿ ಬರೆದಿಟ್ಟು, ಆಗಲೇ ತಿದ್ದಿಯಾಗಿದೆ ಎಂದುಕೊಂಡು ಮುಂದೆ ಬರೆಯುವುದು.

ಎರಡು ತಿಂಗಳ ಬಿಡುವಿನ ಮೇಲೆ ಪೂರ್ತಿ ಕರಡನ್ನು ಒಂದೇ ಮಗ್ಗುಲಿಗೆ, ಸಾಲು ಬಿಟ್ಟು ಸಾಲು, ಅಗಲ ಅಂಚಿನೊಂದಿಗೆ ಪ್ರಿಂಟ್ ತೆಗೆಸುತ್ತೇನೆ. ಮೊದಲ ಸುತ್ತಿನಲ್ಲಿ ವಾಕ್ಯ ಮುಟ್ಟಬಾರದು. ದೃಶ್ಯ ಇರಬೇಕೋ, ಹೋಗಬೇಕೋ, ಜಾಗ ಬದಲಾಗಬೇಕೋ, ಅಷ್ಟೇ ತೀರ್ಮಾನ. ತೆಗೆದುಹಾಕುವ ದೃಶ್ಯದ ವಾಕ್ಯಗಳನ್ನು ತಿದ್ದಿದ ಶ್ರಮ ವ್ಯರ್ಥ, ಅದಕ್ಕಿಂತ ಹೆಚ್ಚಾಗಿ, ತಿದ್ದಿದ ಮೇಲೆ ಅದನ್ನು ತೆಗೆಯಲು ಮನಸ್ಸೇ ಬರುವುದಿಲ್ಲ. ಎರಡನೆಯ ಸುತ್ತು ಕಾಲದ ಪಟ್ಟಿ ಹಿಡಿದು.

ಮೂರನೆಯ ಸುತ್ತು ಮಾತುಕತೆಗೆ. ಇದಕ್ಕೆ ಹೆಚ್ಚು ದಿನ ಬೇಕು. ಒಂದು ಪಾತ್ರದ ಮಾತುಗಳನ್ನಷ್ಟೇ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಹವ್ಯಕ ಅಜ್ಜಿ ಒಂದು ಕಡೆ ‘ಇಲ್ಲೆ’, ಇನ್ನೊಂದು ಕಡೆ ‘ಇಲ್ಲ’ ಅಂದರೆ, ಮೊಮ್ಮಗಳಿಗೆ ಒಮ್ಮೆ ‘ಕೂಸು ಬಂತು’ ಎಂದವಳು ಆಮೇಲೆ ‘ಬಂದಳು’ ಅಂದರೆ ಪಾತ್ರ ಒಡೆಯುತ್ತದೆ. ಶಿರಸಿ ಕಡೆಯ ಹವ್ಯಕ ಮಾತಿಗೂ ಕುಮಟಾ, ಹೊನ್ನಾವರದ ಹವ್ಯಕ ಮಾತಿಗೂ ವ್ಯತ್ಯಾಸವಿದೆ. ಹಾಲಕ್ಕಿ, ನಾಡವ ಸಮುದಾಯಗಳ ಮಾತು ಬೇರೆಯೇ. ಕಾರವಾರದ ಮನೆಯ ಕೊಂಕಣಿ ಮಾತನ್ನು ಪೂರ್ತಿ ಕೊಂಕಣಿಯಲ್ಲೇ ಇಟ್ಟರೆ ಘಟ್ಟದ ಮೇಲಿನವರಿಗೆ ದಾರಿ ತಪ್ಪುತ್ತದೆ. ಕರೆಯುವ ಮಾತು, ಬೈಗುಳ, ಅಚ್ಚರಿ, ಇಷ್ಟನ್ನು ಕೊಂಕಣಿಯಲ್ಲಿ ಬಿಟ್ಟು ಉಳಿದದ್ದನ್ನು ಕನ್ನಡದಲ್ಲಿ ಬರೆಯುವುದು ನನಗೆ ಸರಿಯೆನಿಸಿದೆ.

ವಾಕ್ಯದ ಸುತ್ತು ಕೊನೆಗೆ. ‘ಬಂದು, ನೋಡಿ, ಕೂತು, ಎದ್ದು’ ಎಂದು ಮೂರಕ್ಕಿಂತ ಹೆಚ್ಚು ಪೋಣಿಸಿದಲ್ಲಿ ಒಡೆಯಬೇಕು. ನಿರೂಪಣೆಯಲ್ಲಿ ‘ಬಂದ’ ಮತ್ತು ‘ಬಂದನು’ ಎರಡೂ ಕಲೆತಿದ್ದರೆ ಒಂದನ್ನೇ ಉಳಿಸಬೇಕು. ಪಾತ್ರದ ಹೆಸರು ಬದಲಿಸುವುದಿದ್ದರೆ ಕಂಪ್ಯೂಟರಿಗೆ ‘ಎಲ್ಲ ಬದಲಿಸು’ ಎಂದು ಒಪ್ಪಿಸಿ ಏಳುವಂತಿಲ್ಲ. ‘ರಾಮ’ನನ್ನು ‘ಗಣಪತಿ’ ಮಾಡಿದರೆ ‘ಗ್ರಾಮ’ ಹೋಗಿ ‘ಗ್ಗಣಪತಿ’ ಆಗುತ್ತದೆ, ‘ಆರಾಮ’ವೂ ಕೆಡುತ್ತದೆ. ‘ರಾಮನಿಗೆ’ ಇದ್ದದ್ದು ‘ಗಣಪತಿನಿಗೆ’ ಆಗಿ ಕೂರುತ್ತದೆ. ಒಂದೊಂದಾಗಿ ನೋಡಿಯೇ ಒಪ್ಪಿಗೆ ಕೊಡಬೇಕು, ಇಲ್ಲವೇ ಹೆಸರುಗಳನ್ನು ಯೋಜನೆಯಲ್ಲೇ ಗಟ್ಟಿ ಮಾಡಿಕೊಳ್ಳಬೇಕು.

ಮೂರನೆಯ ಸುತ್ತು ಮುಗಿದ ಮೇಲೆ ಕರಾವಳಿಯವರೊಬ್ಬರಿಗೆ, ಘಟ್ಟದ ಮೇಲಿನವರೊಬ್ಬರಿಗೆ ಓದಲು ಕೊಡುತ್ತೇನೆ. ‘ಹೇಗಿದೆ’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುವುದು. ಎಲ್ಲಿ ಓದು ನಿಲ್ಲಿಸಿದಿರಿ, ಯಾರ ಗುರುತು ಕಲಸಿತು, ಯಾವ ಮಾತು ನಮ್ಮೂರಿನದಲ್ಲ ಅನಿಸಿತು ಎಂದು ಕೇಳಿದರೆ ಕೆಲಸಕ್ಕೆ ಬರುವ ಉತ್ತರ ಸಿಗುತ್ತದೆ.

ಅಚ್ಚಿಗೆ ಕೊಟ್ಟ ಮೇಲೂ ಒಂದು ಸುತ್ತು ಉಳಿದಿದೆ. ಯೂನಿಕೋಡ್‌ನಲ್ಲಿ ಬರೆದದ್ದನ್ನು ಪುಟವಿನ್ಯಾಸದವರು ನುಡಿಯಂಥ ಹಳೇ ಫಾಂಟಿಗೆ ತಿರುಗಿಸಿದರೆ ಅರ್ಕಾವತ್ತು, ಎರಡು ಒತ್ತಿರುವ ಅಕ್ಷರ, ಉದ್ಧರಣ ಚಿಹ್ನೆ, ಅಂಕಿಗಳು ಅಲ್ಲಲ್ಲಿ ಕೆಡುತ್ತವೆ. ಆಡುಮಾತಿನ ಪದಗಳನ್ನು ಮುದ್ರಣದೋಷವೆಂದು ತಿಳಿದು ಯಾರಾದರೂ ಸರಿಪಡಿಸಿಬಿಡುವುದೂ ಉಂಟು. ಆದ್ದರಿಂದ ಆಡುಮಾತಿನ ಪದಗಳ ಪಟ್ಟಿಯನ್ನು ಹಸ್ತಪ್ರತಿಯ ಜೊತೆಗೇ ಕೊಟ್ಟು, ಕೊನೆಯ ಕರಡಚ್ಚನ್ನು ಅದೇ ಪಟ್ಟಿಯ ಪ್ರಕಾರ ನೋಡುತ್ತೇನೆ.