ಪಿ.ಟಿ. ಮಾಸ್ತರರ ಹಳೇ ಬಹುಮಾನದ ಕಪ್ಪು, ಫೋಟೋ ಉಳಿಸುವುದು ಹೇಗೆ

ಮನೆಯಲ್ಲಿ ಹೈಸ್ಕೂಲ್ ಪಿ.ಟಿ. ಮಾಸ್ತರರ ಟ್ರಂಕ್ ಇದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಮೊದಲು ಎಲ್ಲವನ್ನೂ ಇದ್ದ ಹಾಗೇ ಮೊಬೈಲಿನಲ್ಲಿ ಫೋಟೋ ತೆಗೆಯಿರಿ.

ಕಪ್ಪುಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಮೇಲಿನ ಬಣ್ಣದ ಜೊತೆ ಕೊರೆದ ಹೆಸರೂ ಸವೆದುಬಿಡುತ್ತದೆ. ಮೆತ್ತನೆ ಒಣ ಬಟ್ಟೆ ಸಾಕು. ಸರ್ಟಿಫಿಕೇಟಿಗೆ ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಮ್ಮೆ ಅಂಟಿದರೆ ಬಿಡಿಸಲು ಬರುವುದಿಲ್ಲ.

ತಾರೀಕಿಲ್ಲದ ಕಾಗದದ ಕಾಲ ಹುಡುಕುವುದು ನನಗೆ ತುಂಬಾ ಇಷ್ಟದ ಕೆಲಸ. 'ಮೈಸೂರು ರಾಜ್ಯ' ಅಂತ ಅಚ್ಚಾಗಿದ್ದರೆ ಅದು ಬಹುತೇಕ 1973ರ ನವೆಂಬರ್‌ಗಿಂತ ಹಿಂದಿನದು. ಬಾಗಲಕೋಟೆಯ ಶಾಲೆಯ ಕೆಳಗೆ 'ಬಿಜಾಪುರ ಜಿಲ್ಲೆ' ಅಂತಿದ್ದರೆ 1997ಕ್ಕಿಂತ ಮುಂಚಿನದು, ಆ ವರ್ಷವೇ ಅಲ್ವಾ ಜಿಲ್ಲೆ ಬೇರೆಯಾಗಿದ್ದು. ಹಳೇ ಫಾರಂ ಆಮೇಲೂ ಬಳಸಿರಬಹುದು, ಹಾಗಾಗಿ ಸೀಲು, ಸಹಿಯನ್ನೂ ನೋಡಿ. ಖೊಖೊ ತಂಡದ ಫೋಟೋದಲ್ಲಿ ಮುಂದೆ ಕೂತ ಹುಡುಗನ ಕೈಯಲ್ಲಿ ಸ್ಲೇಟು ಇದ್ದರೆ ಇಸವಿ ಅಲ್ಲೇ ಸಿಗಬಹುದು.

ಹೆಸರುಗಳನ್ನು ಫೋಟೋ ಹಿಂದೆ ಪೆನ್ಸಿಲ್‌ನಲ್ಲಿ ಹಗುರಾಗಿ ಬರೆಯಿರಿ, ಪೆನ್ನಿನ ಶಾಯಿ ಮುಂಭಾಗಕ್ಕೆ ಇಳಿಯುತ್ತದೆ. ಮಾಸ್ತರರು ಇನ್ನೂ ಇದ್ದರೆ ಇದೇ ಭಾನುವಾರ ಅವರ ಪಕ್ಕ ಕೂತು, ಒಂದೊಂದೇ ಫೋಟೋ ತೋರಿಸಿ, ಯಾರು ಯಾರು ಅಂತ ಕೇಳಿ ರೆಕಾರ್ಡ್ ಮಾಡಿಕೊಳ್ಳಿ.