ಫೋನಿನಲ್ಲಿ ವೈ-ಫೈ ನಿಧಾನವೇ? ತೊಂದರೆ ಎಲ್ಲಿದೆ ಎಂದು ಮೊದಲು ಹುಡುಕಿ

ಮನೆಗೆ 100 ಎಂಬಿಪಿಎಸ್‌ ಪ್ಲ್ಯಾನ್‌ ಇದ್ದರೂ ಒಳಕೋಣೆಯಲ್ಲಿ ಕುಳಿತು ಓದುವ ಹುಡುಗಿಯ ಫೋನಿನಲ್ಲಿ ಪಾಠದ ವಿಡಿಯೊ ಮತ್ತೆ ಮತ್ತೆ ನಿಂತು ಸುತ್ತತೊಡಗಿದರೆ, ಮನೆಯವರು ಸಾಮಾನ್ಯವಾಗಿ ಎರಡು ಕೆಲಸ ಮಾಡುತ್ತಾರೆ. ಮೊದಲು ರೂಟರ್‌ ಆಫ್‌ ಮಾಡಿ ಮತ್ತೆ ಆನ್‌ ಮಾಡುತ್ತಾರೆ; ಅದರಿಂದಲೂ ಆಗದಿದ್ದರೆ ಕಂಪನಿಗೆ ಕರೆ ಮಾಡಿ ಇನ್ನೂ ದೊಡ್ಡ ಪ್ಲ್ಯಾನ್‌ ಹಾಕಿಸಿಕೊಳ್ಳುತ್ತಾರೆ. ಎಚ್‌ಡಿ ಗುಣಮಟ್ಟದ ಒಂದು ವಿಡಿಯೊ ನೋಡಲು ಸುಮಾರು 5 ಎಂಬಿಪಿಎಸ್‌ ಸಾಕಾಗುತ್ತದೆ. ಹಾಗಿರುವಾಗ 100 ಎಂಬಿಪಿಎಸ್‌ ಬರುವ ಮನೆಯಲ್ಲಿ ವಿಡಿಯೊ ನಿಲ್ಲುತ್ತಿದ್ದರೆ, 200 ಎಂಬಿಪಿಎಸ್‌ ಹಾಕಿಸಿದರೂ ಅದು ನಿಲ್ಲುವ ಸಾಧ್ಯತೆಯೇ ಹೆಚ್ಚು. ಹಣ ಖರ್ಚು ಮಾಡುವ ಮುನ್ನ ತೊಂದರೆ ಫೋನಿನಲ್ಲಿದೆಯೋ, ಫೋನಿಗೂ ರೂಟರ್‌ಗೂ ನಡುವಿನ ರೇಡಿಯೊ ಸಂಪರ್ಕದಲ್ಲಿದೆಯೋ ಅಥವಾ ಮನೆಗೆ ಬರುವ ಲೈನ್‌ನಲ್ಲಿಯೇ ಇದೆಯೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಇದಕ್ಕೆ ತಂತ್ರಜ್ಞರ ನೆರವು ಬೇಕಿಲ್ಲ. ಅರ್ಧ ಗಂಟೆಯ ತಾಳ್ಮೆ ಇದ್ದರೆ ಸಾಕು.

ಮೊದಲ ಹೆಜ್ಜೆ: ಅಳೆಯುವುದು

ಫೋನಿನ ಮೊಬೈಲ್‌ ಡೇಟಾ ಆಫ್‌ ಮಾಡಿ, ವೈ-ಫೈ ಮಾತ್ರ ಆನ್‌ ಇಟ್ಟುಕೊಂಡು, ರೂಟರ್‌ನಿಂದ ಐದಾರು ಅಡಿ ದೂರದಲ್ಲಿ, ನಡುವೆ ಗೋಡೆ ಇಲ್ಲದ ಜಾಗದಲ್ಲಿ ನಿಂತು ಯಾವುದಾದರೂ ಸ್ಪೀಡ್‌ ಟೆಸ್ಟ್‌ ಮಾಡಿ. ಬ್ರೌಸರ್‌ನಲ್ಲಿ ಫಾಸ್ಟ್‌ ಡಾಟ್‌ ಕಾಮ್‌ ತೆರೆದರೂ ಆಗುತ್ತದೆ. ಬಂದ ಅಂಕಿಯನ್ನು ಬರೆದಿಟ್ಟುಕೊಂಡು, ನೆಟ್‌ ನಿಧಾನವಾಗುವ ಕೋಣೆಗೆ ಹೋಗಿ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಆಮೇಲೆ ಮನೆಯಲ್ಲಿರುವ ಇನ್ನೊಂದು ಫೋನಿನಿಂದಲೂ ಎರಡೂ ಜಾಗಗಳಲ್ಲಿ ಪರೀಕ್ಷಿಸಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತರ ಸುಮಾರಿಗೆ ಒಮ್ಮೆ ಅಳೆದರೆ ಇನ್ನೂ ಒಳ್ಳೆಯದು, ಏಕೆಂದರೆ ಬಡಾವಣೆಯವರೆಲ್ಲ ಮನೆಯಲ್ಲಿರುವ ರಾತ್ರಿ ಹೊತ್ತಿನಲ್ಲಿ ಮಾತ್ರ ವೇಗ ಕುಸಿಯುವುದೂ ಉಂಟು.

ಪ್ಲ್ಯಾನ್‌ನಲ್ಲಿ ಹೇಳುವ ಎಂಬಿಪಿಎಸ್‌ ಎಂದರೆ ಸೆಕೆಂಡಿಗೆ ಮೆಗಾಬಿಟ್‌. ಫೈಲ್‌ ಡೌನ್‌ಲೋಡ್‌ ಆಗುವಾಗ ಕಾಣಿಸುವ ಎಂಬಿ ಎಂದರೆ ಮೆಗಾಬೈಟ್‌. 8 ಬಿಟ್‌ ಸೇರಿದರೆ 1 ಬೈಟ್‌ ಆಗುವುದರಿಂದ, 40 ಎಂಬಿಪಿಎಸ್‌ ಸಂಪರ್ಕದಲ್ಲಿ ಫೈಲ್‌ ಸೆಕೆಂಡಿಗೆ 5 ಎಂಬಿ ವೇಗದಲ್ಲಿ ಇಳಿಯುತ್ತಿದ್ದರೆ ಅದು ಪೂರ್ಣ ವೇಗವೇ. ಕಂಪನಿ ಮೋಸ ಮಾಡುತ್ತಿದೆ ಎಂದು ಹಲವರು ಭಾವಿಸುವುದು ಈ ವ್ಯತ್ಯಾಸ ತಿಳಿಯದೆ.

ಈಗ ಅಂಕಿಗಳನ್ನು ಹೋಲಿಸಿ. ರೂಟರ್‌ ಬಳಿ ಎಲ್ಲ ಫೋನ್‌ಗಳಲ್ಲೂ ವೇಗ ಚೆನ್ನಾಗಿದ್ದು ದೂರದ ಕೋಣೆಯಲ್ಲಿ ಮಾತ್ರ ಕುಸಿದರೆ ತೊಂದರೆ ಸಿಗ್ನಲ್‌ನದು. ಒಂದೇ ಫೋನಿನಲ್ಲಿ ಎಲ್ಲ ಕಡೆಯೂ ನಿಧಾನವಾಗಿದ್ದು ಉಳಿದವು ಸರಿಯಾಗಿದ್ದರೆ ತೊಂದರೆ ಆ ಫೋನಿನದು. ರೂಟರ್‌ ಪಕ್ಕದಲ್ಲಿ ನಿಂತರೂ ಎಲ್ಲದರಲ್ಲೂ ನಿಧಾನವಾಗಿದ್ದರೆ ಅದು ರೂಟರ್‌ನದು ಅಥವಾ ಲೈನ್‌ನದು. ಮೂರರ ಪರಿಹಾರವೂ ಬೇರೆ ಬೇರೆ. ಹೆಚ್ಚಿನ ಮನೆಗಳಲ್ಲಿ ಕಾಡುವುದು ಮೊದಲನೆಯದು ಎಂಬುದು ನನ್ನ ಅನುಭವ. ಆದ್ದರಿಂದ ಅದನ್ನೇ ವಿವರವಾಗಿ ನೋಡೋಣ.

ರೂಟರ್‌ ಎಲ್ಲಿದೆ?

ಫೈಬರ್‌ ಕೇಬಲ್‌ ಹಾಕಲು ಬಂದವರು ಸಾಮಾನ್ಯವಾಗಿ ಕೇಬಲ್‌ ಮನೆಯೊಳಗೆ ಬರುವ ಜಾಗದಲ್ಲಿಯೇ, ಎಂದರೆ ಮುಂಬಾಗಿಲಿನ ಮೇಲೋ ಟಿವಿಯ ಹಿಂದೋ ರೂಟರ್‌ ಕೂರಿಸಿ ಹೋಗುತ್ತಾರೆ. ಅಲ್ಲಿಂದ ಅರ್ಧ ಸಿಗ್ನಲ್‌ ಬೀದಿಗೆ ಹೋಗುತ್ತದೆ, ಉಳಿದರ್ಧ ಟಿವಿಯ ಲೋಹದ ಭಾಗಗಳಿಗೆ ಬಡಿಯುತ್ತದೆ. ರೂಟರ್‌ ಇರಬೇಕಾದದ್ದು ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಮೇಲೆ, ತೆರೆದ ಜಾಗದಲ್ಲಿ. ಷೋಕೇಸಿನೊಳಗೆ ಬಚ್ಚಿಟ್ಟರೆ ನೋಡಲು ಅಂದವೇನೋ ಹೌದು, ಆದರೆ ಸಿಗ್ನಲ್‌ಗೂ ಗಾಳಿಯಾಡುವಿಕೆಗೂ ಅಡ್ಡಿ. ಬಿಸಿಯಾದ ರೂಟರ್‌ ಕೂಡ ನಿಧಾನವಾಗುತ್ತದೆ.

ರೇಡಿಯೊ ಅಲೆಗೆ ಎಲ್ಲ ಗೋಡೆಯೂ ಒಂದೇ ಅಲ್ಲ. ಪ್ಲೈವುಡ್‌ ಅಥವಾ ಜಿಪ್ಸಂ ಗೋಡೆಯನ್ನು ಅದು ಸುಲಭವಾಗಿ ದಾಟುತ್ತದೆ; ಕರಾವಳಿಯ ಕೆಂಪುಕಲ್ಲಿನ ಗೋಡೆಯಲ್ಲಿ, ಹಳೆಯ ಮನೆಗಳ ದಪ್ಪ ಮಣ್ಣಿನ ಗೋಡೆಯಲ್ಲಿ, ಕಬ್ಬಿಣದ ಸರಳು ಹಾಕಿದ ಆರ್‌ಸಿಸಿ ಛಾವಣಿಯಲ್ಲಿ ಬಹಳಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸ್ಟೀಲ್‌ ಬೀರು, ಫ್ರಿಜ್‌, ದೊಡ್ಡ ಕನ್ನಡಿ, ನೀರು ತುಂಬಿದ ಅಕ್ವೇರಿಯಂ ಇವೂ ತಡೆಯುತ್ತವೆ. ಕನ್ನಡಿಯ ಹಿಂದೆ ಲೋಹದ ಲೇಪನ ಇರುತ್ತದೆ, ನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ರೂಟರ್‌ಗೂ ಓದುವ ಕೋಣೆಗೂ ನಡುವೆ ಬೀರು ನಿಂತಿದ್ದರೆ ರೂಟರ್‌ ಅನ್ನು ನಾಲ್ಕು ಅಡಿ ಪಕ್ಕಕ್ಕೆ ಸರಿಸುವುದರಿಂದಲೇ ವೇಗ ಹೆಚ್ಚಬಹುದು. ರೂಟರ್‌ಗೆ ಕಡ್ಡಿಯಂಥ ಆಂಟೆನಾಗಳಿದ್ದರೆ ಅವು ನೆಟ್ಟಗೆ ನಿಂತಾಗ ಸಿಗ್ನಲ್‌ ಅಡ್ಡಡ್ಡಲಾಗಿ ಸುತ್ತ ಹರಡುತ್ತದೆ. ಮಹಡಿ ಮನೆಯಾದರೆ ಒಂದನ್ನು ನೆಟ್ಟಗೆ ನಿಲ್ಲಿಸಿ, ಇನ್ನೊಂದನ್ನು ಮಲಗಿಸಿ.

ಸಿಗ್ನಲ್‌ ಎಷ್ಟು ಬರುತ್ತಿದೆ ಎಂಬುದನ್ನು ಫೋನಿನ ಮೇಲ್ತುದಿಯ ಗೆರೆಗಳು ಸ್ಥೂಲವಾಗಿಯಷ್ಟೇ ಹೇಳುತ್ತವೆ. ಆಂಡ್ರಾಯ್ಡ್‌ ಫೋನಿನಲ್ಲಿ ವೈ-ಫೈ ಅನಲೈಸರ್‌ ಬಗೆಯ ಉಚಿತ ಆ್ಯಪ್‌ ಹಾಕಿಕೊಂಡರೆ ಅದನ್ನು ಡಿಬಿಎಂ ಎಂಬ ಮಾನದಲ್ಲಿ ನೋಡಬಹುದು. ಅಂಕಿ ಋಣ ಚಿಹ್ನೆಯೊಂದಿಗೆ ಬರುತ್ತದೆ; ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್‌ ಬಲ. -50 ಇದ್ದರೆ ಬಹಳ ಚೆನ್ನಾಗಿದೆ. -67ರವರೆಗೆ ವಿಡಿಯೊ ಕರೆಗೂ ತೊಂದರೆಯಿಲ್ಲ. -80 ಆಯಿತೆಂದರೆ ಗೆರೆಗಳು ಒಂದೆರಡು ಕಂಡರೂ ಕೆಲಸ ನಡೆಯುವುದಿಲ್ಲ. ಈ ಮಾನದಲ್ಲಿ 10 ಅಂಕಿ ಇಳಿಯಿತೆಂದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ.

2.4 ಮತ್ತು 5: ಎರಡು ಬ್ಯಾಂಡ್‌ಗಳು

ಇಂದಿನ ಹೆಚ್ಚಿನ ರೂಟರ್‌ಗಳು 2.4 ಗಿಗಾಹರ್ಟ್ಜ್‌ ಮತ್ತು 5 ಗಿಗಾಹರ್ಟ್ಜ್‌ ಎಂಬ ಎರಡು ಬ್ಯಾಂಡ್‌ಗಳಲ್ಲಿ ಸಿಗ್ನಲ್‌ ಕಳುಹಿಸುತ್ತವೆ. 2.4 ದೂರ ಹೋಗುತ್ತದೆ, ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ. ಆದರೆ ಅಲ್ಲಿ ವಿಪರೀತ ಗದ್ದಲ. ಅಕ್ಕಪಕ್ಕದ ಮನೆಗಳ ರೂಟರ್‌ಗಳು, ಬ್ಲೂಟೂತ್‌ ಸಾಧನಗಳು, ಸ್ಮಾರ್ಟ್‌ ಬಲ್ಬ್‌ಗಳು ಎಲ್ಲವೂ ಅದನ್ನೇ ಬಳಸುತ್ತವೆ. ಮೈಕ್ರೊವೇವ್‌ ಓವನ್‌ ಕೂಡ ಸುಮಾರು 2.45 ಗಿಗಾಹರ್ಟ್ಜ್‌ನಲ್ಲಿ ಕೆಲಸ ಮಾಡುವುದರಿಂದ ಅಡುಗೆಮನೆಯಲ್ಲಿ ಅದು ಓಡುತ್ತಿರುವಾಗ ನೆಟ್‌ ತಡವರಿಸುವುದು ಭ್ರಮೆಯಲ್ಲ. 5 ಗಿಗಾಹರ್ಟ್ಜ್‌ ಬ್ಯಾಂಡ್‌ ವಿಶಾಲ, ವೇಗವೂ ಹೆಚ್ಚು. ಆದರೆ ಗೋಡೆಗಳಲ್ಲಿ ಬೇಗ ಸೋರಿಹೋಗುತ್ತದೆ.

ನಿಮ್ಮ ಫೋನ್‌ ಯಾವುದರಲ್ಲಿದೆ ಎಂದು ನೋಡಲು ಸೆಟ್ಟಿಂಗ್ಸ್‌ನಲ್ಲಿ ವೈ-ಫೈ ತೆರೆದು, ಸಂಪರ್ಕದಲ್ಲಿರುವ ನೆಟ್‌ವರ್ಕ್‌ ಹೆಸರಿನ ಪಕ್ಕದ ಗುರುತನ್ನು ಒತ್ತಿ. ಹೆಚ್ಚಿನ ಆಂಡ್ರಾಯ್ಡ್‌ ಫೋನ್‌ಗಳು ಅಲ್ಲಿ ಫ್ರೀಕ್ವೆನ್ಸಿ ಮತ್ತು ಲಿಂಕ್‌ ಸ್ಪೀಡ್‌ ಎರಡನ್ನೂ ತೋರಿಸುತ್ತವೆ. ಲಿಂಕ್‌ ಸ್ಪೀಡ್‌ 72 ಎಂಬಿಪಿಎಸ್‌ ಎಂದಿದ್ದರೆ ಫೋನ್‌ ಬಹುಮಟ್ಟಿಗೆ 2.4ರಲ್ಲಿ, ಒಂದೇ ಆಂಟೆನಾದಲ್ಲಿ, 20 ಮೆಗಾಹರ್ಟ್ಜ್‌ ಅಗಲದ ಚಾನೆಲ್‌ನಲ್ಲಿ, ಎಂದರೆ ಬ್ಯಾಂಡ್‌ನೊಳಗಿನ ಒಂದು ಸಣ್ಣ ಪಟ್ಟಿಯಲ್ಲಿ, ಇದೆ ಎಂದರ್ಥ. ಲಿಂಕ್‌ ಸ್ಪೀಡ್‌ ಎಂಬುದು ಫೋನ್‌ ಮತ್ತು ರೂಟರ್‌ ಪರಸ್ಪರ ಒಪ್ಪಿಕೊಂಡ ಗರಿಷ್ಠ ವೇಗ. ನಿಜವಾಗಿ ಕೈಗೆ ಸಿಗುವುದು ಅದರ ಅರ್ಧ ಅಥವಾ ತುಸು ಹೆಚ್ಚು. ಹಾಗಾಗಿ ಮನೆಗೆ 100 ಅಲ್ಲ, 300 ಎಂಬಿಪಿಎಸ್‌ ಬಂದರೂ ಆ ಫೋನಿಗೆ ದಕ್ಕುವುದು 40ರ ಆಸುಪಾಸು. ಅದೇ ಫೋನ್‌ 5ಕ್ಕೆ ಬದಲಾದರೆ ಅಂಕಿ 433 ಎಂದಾಗುತ್ತದೆ, ಎರಡು ಆಂಟೆನಾ ಇರುವ ಫೋನಾದರೆ 866. ದೊಡ್ಡ ಪ್ಲ್ಯಾನ್‌ಗೆ ಹಣ ಕಟ್ಟುವ ಮುನ್ನ ಪ್ರತಿಯೊಬ್ಬರೂ ಈ ಒಂದು ಅಂಕಿಯನ್ನು ನೋಡಲೇಬೇಕೆಂದು ನಾನು ಒತ್ತಾಯಿಸುತ್ತೇನೆ.

ಕಡಿಮೆ ಬೆಲೆಯ ಕೆಲವು ಫೋನ್‌ಗಳಲ್ಲಿ 5 ಗಿಗಾಹರ್ಟ್ಜ್‌ ಸೌಲಭ್ಯವೇ ಇರುವುದಿಲ್ಲ. ಸೌಲಭ್ಯವಿದ್ದೂ ಫೋನ್‌ 2.4ಕ್ಕೇ ಅಂಟಿಕೊಳ್ಳುತ್ತಿದ್ದರೆ, ರೂಟರ್‌ ಎರಡೂ ಬ್ಯಾಂಡ್‌ಗಳಿಗೆ ಒಂದೇ ಹೆಸರು ಕೊಟ್ಟಿರುವುದು ಕಾರಣವಿರಬಹುದು. ಆಗ ರೂಟರ್‌ನ ಸೆಟ್ಟಿಂಗ್‌ಗೆ ಹೋಗಿ ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಅದಕ್ಕಾಗಿ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ಟೈಪ್‌ ಮಾಡಬೇಕು. ಸರಿಯಾದ ವಿಳಾಸ, ಯೂಸರ್‌ನೇಮ್‌ ಮತ್ತು ಪಾಸ್‌ವರ್ಡ್‌ ಸಾಮಾನ್ಯವಾಗಿ ರೂಟರ್‌ನ ತಳದ ಚೀಟಿಯಲ್ಲಿ ಇರುತ್ತವೆ. ಬೇರೆ ಹೆಸರಿಟ್ಟ ಮೇಲೆ ಫೋನ್‌, ಟಿವಿ, ಲ್ಯಾಪ್‌ಟಾಪ್‌ಗಳನ್ನು 5ಕ್ಕೆ ಸೇರಿಸಿ. ಬಲ್ಬ್‌, ಕ್ಯಾಮೆರಾಗಳಂಥವನ್ನು 2.4ರಲ್ಲಿ ಬಿಡಿ.

ದೂರದ ಕೋಣೆಗಳಿಗೆ 2.4 ಬಿಟ್ಟರೆ ಗತಿಯಿಲ್ಲದಿದ್ದರೆ ಅದರ ಚಾನೆಲ್‌ ಸರಿಪಡಿಸಿ. ಈ ಬ್ಯಾಂಡ್‌ನಲ್ಲಿ ಚಾನೆಲ್‌ಗಳು ತಲಾ 5 ಮೆಗಾಹರ್ಟ್ಜ್‌ ಅಂತರದಲ್ಲಿವೆ. ಸಿಗ್ನಲ್‌ನ ಅಗಲ ಮಾತ್ರ 20 ಮೆಗಾಹರ್ಟ್ಜ್‌. ಆದ್ದರಿಂದ ಒಂದಕ್ಕೊಂದು ತಾಗದೆ ಉಳಿಯುವವು 1, 6 ಮತ್ತು 11 ಮಾತ್ರ. 3 ಅಥವಾ 4ನ್ನು ಆರಿಸಿದರೆ ಎರಡೂ ಕಡೆಯವರ ಗದ್ದಲಕ್ಕೆ ಸಿಕ್ಕಿಕೊಳ್ಳುತ್ತೀರಿ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಅನಲೈಸರ್‌ ಆ್ಯಪ್‌ ತೆರೆದರೆ ಒಂದರ ಮೇಲೊಂದು ಹೇರಿಕೊಂಡ ಹತ್ತಾರು ನೆಟ್‌ವರ್ಕ್‌ಗಳು ಕಾಣುತ್ತವೆ. ಮೂರರಲ್ಲಿ ಕಡಿಮೆ ಜನಸಂದಣಿ ಇರುವುದನ್ನು ಆರಿಸಿ, ಚಾನೆಲ್‌ ಅಗಲವನ್ನು 20ಕ್ಕೇ ನಿಲ್ಲಿಸಿ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಒಂದು ಚಾನೆಲ್‌ನಲ್ಲಿ ಒಂದು ಹೊತ್ತಿಗೆ ಒಂದೇ ಸಾಧನ ಮಾತನಾಡಬಲ್ಲದು. ಬೀದಿ ನಲ್ಲಿಯಲ್ಲಿ ಒಬ್ಬರು ಕಿರಿದಾದ ಬಾಯಿಯ ಕೊಡ ಹಿಡಿದು ನಿಂತರೆ ಹಿಂದಿನ ಸಾಲೆಲ್ಲ ಕಾಯಬೇಕಾಗುವಂತೆ, ಮೂಲೆಯ ಕೋಣೆಯಲ್ಲಿ ದುರ್ಬಲ ಸಿಗ್ನಲ್‌ನಲ್ಲಿ ಒದ್ದಾಡುತ್ತಿರುವ ಹಳೆಯ ಟ್ಯಾಬ್ಲೆಟ್‌ ಒಂದು ಉಳಿದ ಎಲ್ಲ ಫೋನ್‌ಗಳ ಸಮಯವನ್ನೂ ತಿನ್ನುತ್ತದೆ. ಬಳಸದ ಸಾಧನಗಳ ವೈ-ಫೈ ಆಫ್‌ ಮಾಡಿಡಬೇಕಾದದ್ದು ಅದಕ್ಕಾಗಿಯೇ.

ಮನೆ ದೊಡ್ಡದಿದ್ದು ಇಷ್ಟರಿಂದ ಆಗದಿದ್ದರೆ ಎರಡನೆಯ ಸಾಧನ ಬೇಕಾಗುತ್ತದೆ. ಅಗ್ಗದ ರಿಪೀಟರ್‌ಗಳು ಬಂದ ಸಿಗ್ನಲ್ಲನ್ನು ಅದೇ ಚಾನೆಲ್‌ನಲ್ಲಿ ಮತ್ತೆ ಕಳುಹಿಸುವುದರಿಂದ ವೇಗ ಅರ್ಧಕ್ಕೆ ಇಳಿಯುತ್ತದೆ. ಅದನ್ನು ಸಿಗ್ನಲ್‌ ಇಲ್ಲದ ಕೋಣೆಯಲ್ಲೇ ಇಟ್ಟರಂತೂ ಹಂಚಲು ಅದಕ್ಕೆ ಏನೂ ಸಿಗುವುದಿಲ್ಲ, ಅರ್ಧ ದಾರಿಯಲ್ಲಿ ಇಡಬೇಕು. ಮುಖ್ಯ ರೂಟರ್‌ನಿಂದ ಲ್ಯಾನ್‌ ಕೇಬಲ್‌ ಎಳೆದು ಒಳಕೋಣೆಯಲ್ಲಿ ಇನ್ನೊಂದು ಆಕ್ಸೆಸ್‌ ಪಾಯಿಂಟ್‌ (ವೈ-ಫೈ ಸಿಗ್ನಲ್‌ ಹರಡುವ ಪೆಟ್ಟಿಗೆ) ಕೂರಿಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಮನೆ ಕಟ್ಟಿಸುತ್ತಿರುವವರು ವೈರಿಂಗ್‌ ಹೊತ್ತಿನಲ್ಲೇ ಇದಕ್ಕೊಂದು ಪೈಪ್‌ ಹಾಕಿಸಿಕೊಳ್ಳಲಿ.

ತೊಂದರೆ ಒಂದೇ ಫೋನಿನಲ್ಲಿದ್ದರೆ

ಮೊದಲು ವಿಪಿಎನ್‌ ಆನ್‌ ಇದೆಯೇ ನೋಡಿ. ಉಚಿತ ವಿಪಿಎನ್‌ ಆ್ಯಪ್‌ಗಳು ನಿಮ್ಮ ಸಂಚಾರವನ್ನೆಲ್ಲ ದೂರದ ಸರ್ವರ್‌ ಮೂಲಕ ಸುತ್ತಿಸುವುದರಿಂದ ವೇಗ ಖಂಡಿತ ಕುಸಿಯುತ್ತದೆ. ಬ್ಯಾಟರಿ ಸೇವರ್‌ ಮತ್ತು ಡೇಟಾ ಸೇವರ್‌ ಆಫ್‌ ಮಾಡಿ. ಐಫೋನಿನಲ್ಲಿ ಆ ವೈ-ಫೈ ನೆಟ್‌ವರ್ಕ್‌ನ ವಿವರದೊಳಗೆ ಲೋ ಡೇಟಾ ಮೋಡ್‌ ಎಂಬ ಆಯ್ಕೆ ಇರುತ್ತದೆ, ಅದನ್ನೂ ನೋಡಿ. ಬೆನ್ನಿಗೆ ಲೋಹದ ತಗಡು ಇರುವ ಕವರ್‌ ಹಾಕಿದ್ದರೆ ತೆಗೆದು ಪರೀಕ್ಷಿಸಿ. ನಂತರ ಆ ನೆಟ್‌ವರ್ಕನ್ನು ಫರ್ಗೆಟ್‌ ಕೊಟ್ಟು ಅಳಿಸಿ, ಪಾಸ್‌ವರ್ಡ್‌ ಹಾಕಿ ಮತ್ತೆ ಸೇರಿಸಿ. ಇದಾವುದರಿಂದಲೂ ಆಗದಿದ್ದರೆ ಮಾತ್ರ ನೆಟ್‌ವರ್ಕ್‌ ಸೆಟ್ಟಿಂಗ್ಸ್‌ ರೀಸೆಟ್‌ ಮಾಡಿ. ಅದರಿಂದ ಫೋಟೊ, ಸಂದೇಶಗಳು ಹೋಗುವುದಿಲ್ಲ, ಆದರೆ ಉಳಿಸಿಟ್ಟ ಎಲ್ಲ ವೈ-ಫೈ ಪಾಸ್‌ವರ್ಡ್‌ಗಳು ಅಳಿಸಿಹೋಗುತ್ತವೆ. ಇಡೀ ಫೋನನ್ನು ಫ್ಯಾಕ್ಟರಿ ರೀಸೆಟ್‌ ಮಾಡುವ ಅಗತ್ಯ ಇದಕ್ಕಾಗಿ ಬೀಳುವುದು ತೀರ ಅಪರೂಪ, ಯಾರಾದರೂ ಹಾಗೆ ಸಲಹೆ ಕೊಟ್ಟರೆ ಒಪ್ಪಬೇಡಿ.

ಎಲ್ಲ ಫೋನ್‌ಗಳಲ್ಲೂ ನಿಧಾನವಾಗಿದ್ದರೆ

ರೂಟರ್‌ ಪ್ಲಗ್‌ ಕಿತ್ತು, ಅರ್ಧ ನಿಮಿಷ ಬಿಟ್ಟು ಹಾಕಿ. ಅದಕ್ಕೂ ಬಗ್ಗದಿದ್ದರೆ ಅಪ್‌ಲೋಡ್‌ ಕಡೆ ಗಮನ ಕೊಡಿ. ಫೋನ್‌ಗಳು ಫೋಟೊಗಳನ್ನು ಕ್ಲೌಡ್‌ಗೆ ಬ್ಯಾಕಪ್‌ ಮಾಡುತ್ತಿರುವಾಗ, ಸಿಸಿಟಿವಿ ಕ್ಯಾಮೆರಾ ದೃಶ್ಯವನ್ನು ನಿರಂತರ ಕಳುಹಿಸುತ್ತಿರುವಾಗ ಅಪ್‌ಲೋಡ್‌ ದಾರಿ ತುಂಬಿಹೋಗುತ್ತದೆ; ಯಾವ ಪುಟ ತೆರೆಯಬೇಕಾದರೂ ಫೋನ್‌ ಮೊದಲು ಕೋರಿಕೆ ಕಳುಹಿಸಬೇಕಾದ್ದರಿಂದ, ಡೌನ್‌ಲೋಡ್‌ ಖಾಲಿ ಇದ್ದರೂ ಎಲ್ಲವೂ ನಿಧಾನವಾಗಿ ಕಾಣುತ್ತದೆ. ಬ್ಯಾಕಪ್‌ ರಾತ್ರಿ ಮಲಗಿದ ಮೇಲೆ ನಡೆಯುವಂತೆ ಮಾಡಿ. ರೂಟರ್‌ ಪುಟದಲ್ಲಿ ಸಂಪರ್ಕದಲ್ಲಿರುವ ಸಾಧನಗಳ ಪಟ್ಟಿ ನೋಡಿ, ಗುರುತಿಲ್ಲದ್ದು ಕಂಡರೆ ಪಾಸ್‌ವರ್ಡ್‌ ಬದಲಿಸಿ. ಅಲ್ಲಿಯೇ ಇರುವ ವೈ-ಫೈ ಭದ್ರತೆಯ ಆಯ್ಕೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಇರಲಿ; ಹಳೆಯ ಡಬ್ಲ್ಯುಇಪಿ ಅಥವಾ ಟಿಕಿಪ್‌ ಆರಿಸಿದ್ದರೆ ಸುರಕ್ಷತೆಯೂ ಇಲ್ಲ, ವೇಗವೂ 54 ಎಂಬಿಪಿಎಸ್‌ಗಿಂತ ಮೇಲೇರುವುದಿಲ್ಲ.

ಪ್ಲ್ಯಾನ್‌ 200 ಇದ್ದರೂ ಸ್ಪೀಡ್‌ ಟೆಸ್ಟ್‌ ಪ್ರತಿ ಸಲ 95ರ ಬಳಿಯೇ ನಿಂತರೆ, ಫೈಬರ್‌ ಪೆಟ್ಟಿಗೆಗೂ ರೂಟರ್‌ಗೂ ನಡುವಿನ ಲ್ಯಾನ್‌ ಪೋರ್ಟ್‌ 100 ಎಂಬಿಪಿಎಸ್‌ನದ್ದೇ ಆಗಿರಬೇಕು, ಇಲ್ಲವೇ ಆ ಕೇಬಲಿನ ಎಂಟು ತಂತಿಗಳಲ್ಲಿ ಒಂದು ತುಂಡಾಗಿರಬೇಕು. ಕೇಬಲ್‌ ಬದಲಿಸಿ ನೋಡಿ. ವೇಗ ತಿಂಗಳ ಕೊನೆಯಲ್ಲಿ ಮಾತ್ರ ಥಟ್ಟನೆ ಇಳಿದರೆ ಪ್ಲ್ಯಾನ್‌ನ ಡೇಟಾ ಮಿತಿ ಮುಗಿದಿದೆಯೇ ಎಂದು ಕಂಪನಿಯ ಆ್ಯಪ್‌ನಲ್ಲಿ ಪರಿಶೀಲಿಸಿ. ಫೈಬರ್‌ ಪೆಟ್ಟಿಗೆಯಲ್ಲಿ ಎಲ್‌ಒಎಸ್‌ ಎಂಬ ಕೆಂಪು ದೀಪ ಉರಿದರೆ ಬೆಳಕಿನ ಸಂಪರ್ಕವೇ ಕಡಿದಿದೆ. ತೆಳುವಾದ ಫೈಬರ್‌ ಎಳೆಯನ್ನು ಬಾಗಿಲ ಸಂದಿಯಲ್ಲಿ ಮಡಿಸಿದ್ದರೂ ಬೆಳಕು ಸೋರುತ್ತದೆ. ಅದು ಸುತ್ತಿನಲ್ಲಿ ಸಡಿಲವಾಗಿರಲಿ.

ಕಂಪನಿಗೆ ದೂರು ಕೊಡುವ ಮುನ್ನ ಲ್ಯಾಪ್‌ಟಾಪ್‌ ಅನ್ನು ಲ್ಯಾನ್‌ ಕೇಬಲಿನಿಂದ ನೇರವಾಗಿ ರೂಟರ್‌ಗೆ ಜೋಡಿಸಿ, ಉಳಿದ ಸಾಧನಗಳನ್ನೆಲ್ಲ ಬಿಡಿಸಿ, ಬೆಳಿಗ್ಗೆ ಮತ್ತು ರಾತ್ರಿ ಅಳೆದು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಷಾಟ್‌ ತೆಗೆದಿಡಿ. ಹಾಗಿದ್ದಾಗ ‘ಅದು ನಿಮ್ಮ ವೈ-ಫೈ ಸಮಸ್ಯೆ’ ಎಂಬ ಉತ್ತರಕ್ಕೆ ಜಾಗವಿರುವುದಿಲ್ಲ. ಮನೆಗೆ ಬಂದ ತಂತ್ರಜ್ಞರಿಗೆ ಫೈಬರ್‌ನ ಆಪ್ಟಿಕಲ್‌ ಪವರ್‌ ಅಳೆದು ತೋರಿಸುವಂತೆ ಕೇಳಿ. ಅದು (ಇದು ಬೆಳಕಿನ ಅಳತೆ, ವೈ-ಫೈ ಸಿಗ್ನಲ್‌ನ ಅಂಕಿಗಳೊಂದಿಗೆ ಹೋಲಿಸಬೇಡಿ) -27 ಡಿಬಿಎಂ ಸಮೀಪಕ್ಕೆ ಇಳಿದಿದ್ದರೆ ಜೋಡಣೆಯನ್ನೋ ಕನೆಕ್ಟರನ್ನೋ ಅವರೇ ಸರಿಪಡಿಸಬೇಕು. ದೂರು ದಾಖಲಿಸಿದಾಗ ಸಿಗುವ ಡಾಕೆಟ್‌ ಸಂಖ್ಯೆಯನ್ನು ತಪ್ಪದೆ ಬರೆದಿಟ್ಟುಕೊಳ್ಳಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ 2012ರಲ್ಲಿ ರೂಪಿಸಿದ ನಿಯಮಗಳ ಪ್ರಕಾರ, ದೂರಿಗೆ ಅವಧಿಯೊಳಗೆ ಪರಿಹಾರ ಸಿಗದಿದ್ದರೆ ಅಥವಾ ಸಿಕ್ಕ ಪರಿಹಾರ ತೃಪ್ತಿ ತರದಿದ್ದರೆ, ಗ್ರಾಹಕರು 30 ದಿನಗಳೊಳಗೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದಕ್ಕೆ ಶುಲ್ಕವಿಲ್ಲ, ಅರ್ಜಿಯಲ್ಲಿ ಕೇಳುವ ಮುಖ್ಯ ವಿವರ ಆ ಡಾಕೆಟ್‌ ಸಂಖ್ಯೆಯೇ.