ವಸಂತದಲ್ಲಿ ಔಟರ್ ಬ್ಯಾಂಕ್ಸ್‌ಗೆ ಮೀನು ಹಿಡಿಯಲು ಹೊರಟಿದ್ದೀರಾ? ಗಾಳಿ ನೋಡಿಕೊಳ್ಳಿ

ನಾರ್ತ್ ಕ್ಯಾರೊಲೈನಾದ ರಾಲಿ, ಕ್ಯಾರಿ ಕಡೆಯವರಿಗೆ: ಏಪ್ರಿಲ್-ಮೇನಲ್ಲಿ ಔಟರ್ ಬ್ಯಾಂಕ್ಸ್ ದ್ವೀಪಸಾಲಿನ ನಡುವೆ ಸಮುದ್ರಕ್ಕೆ ತೆರೆಯುವ ಓರೆಗಾನ್ ಇನ್ಲೆಟ್‌ನಿಂದ ಟ್ಯೂನಾ, ಮಾಹಿ ಮೀನಿಗೆ ಚಾರ್ಟರ್ ಬೋಟ್ (ಕ್ಯಾಪ್ಟನ್ ಸಮೇತ ಬಾಡಿಗೆ ದೋಣಿ) ಬುಕ್ ಮಾಡುವಾಗ ಬಿಸಿಲು-ಮಳೆಗಿಂತ ಗಾಳಿಯ ದಿಕ್ಕೇ ಮುಖ್ಯ. ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚಗಿನ ಸಾಗರ ಪ್ರವಾಹ ಹರಿಯುವುದು ಈಶಾನ್ಯಕ್ಕೆ. ಕೋಲ್ಡ್ ಫ್ರಂಟ್ (ತಣ್ಣನೆ ಗಾಳಿಯ ಮುಂಚೂಣಿ) ದಾಟಿದ ಮೇಲೆ ಗಾಳಿ ಉತ್ತರದಿಂದಲೋ ಈಶಾನ್ಯದಿಂದಲೋ ತಿರುಗಿ ಬೀಸಿದರೆ ಪ್ರವಾಹಕ್ಕೆ ಎದುರಾಗಿ, ಅಲೆ ನೆಟ್ಟಗೆ ಎದ್ದು ಒಂದರ ಹಿಂದೊಂದು ಬಡಿಯುತ್ತದೆ. ದಡದಲ್ಲಿ ಮಾತ್ರ ಚೆಂದದ ಬಿಸಿಲು!

ಅಮೆರಿಕದ ಸಾಗರ-ಹವಾಮಾನ ಸಂಸ್ಥೆ NOAA ಕೊಡುವ ಸಾಗರ ಮುನ್ಸೂಚನೆಯಲ್ಲಿ ಅಲೆಯ ಎತ್ತರದ ಜೊತೆ, ಒಂದು ಅಲೆಯಾದ ಮೇಲೆ ಇನ್ನೊಂದು ಬರಲು ಎಷ್ಟು ಸೆಕೆಂಡ್ ಎಂಬ ಅಂತರವನ್ನೂ ಓದಿ. 4 ಅಡಿ, 9 ಸೆಕೆಂಡ್ ಆದರೆ ಆರಾಮ. ಅದೇ 4 ಅಡಿ, 4 ಸೆಕೆಂಡ್ ಆದರೆ ಹೊಟ್ಟೆ ತೊಳಸುವುದು ಖಂಡಿತ. ಅಡಿಯ ಸಂಖ್ಯೆಗಿಂತ ಸೆಕೆಂಡು ಎರಡು ಪಟ್ಟಾದರೂ ಇರಲಿ.

ಶನಿವಾರಕ್ಕೆ ಬುಕ್ ಮಾಡಿದರೆ ಭಾನುವಾರವನ್ನೂ ಖಾಲಿ ಇಟ್ಟುಕೊಳ್ಳಿ. ಹವಾಮಾನಕ್ಕೆ ಕ್ಯಾಪ್ಟನ್ ರದ್ದು ಮಾಡಿದರೆ ಮುಂಗಡ ವಾಪಸ್ಸೋ, ಬೇರೆ ದಿನವೋ, ಮೊದಲೇ ಕೇಳಿ. ಅವರು ಬೇಡ ಎಂದರೆ ಒತ್ತಾಯ ಮಾಡಬೇಡಿ: ಇಳಿತದ ನೀರಿಗೆ ಪೂರ್ವದ ಗಾಳಿ ಎದುರಾದಾಗ ಇನ್ಲೆಟ್ ಬಾಯಿಯ ಮರಳುದಿಬ್ಬದ ಮೇಲೆ ಅಲೆ ಒಡೆಯುತ್ತದೆ, ಅಲ್ಲಿ ಬೋಟ್ ಮಗುಚಬಹುದು.

ವಾಂತಿ ಮಾತ್ರೆಯನ್ನು ಬೋಟ್ ಹತ್ತುವ ಒಂದು ಗಂಟೆ ಮೊದಲೇ ನುಂಗಿ. ತಲೆ ತಿರುಗಲು ಶುರುವಾದ ಮೇಲೆ ಅದು ಅಷ್ಟಾಗಿ ಕೆಲಸ ಮಾಡದು. ಬೆಳಗಿನ ಜಾವ ಚಳಿ, ಸ್ಟ್ರೀಮ್ ಮುಟ್ಟಿದ ಮೇಲೆ ಸೆಕೆ, ಹಾಗಾಗಿ ತೆಗೆದಿಡಬಹುದಾದ ಜಾಕೆಟ್ ಇರಲಿ.